ನೋವು ಹೋಯಿತು, ಬೆನ್ನು ಇನ್ನೂ ಬಂದಿಲ್ಲ: ಕೊಡಗಿನ ಇಳಿಜಾರಿನಲ್ಲಿ ಆಪರೇಷನ್ ನಂತರದ ಹನ್ನೆರಡು ವಾರ

2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೂ ಬೆನ್ನಿನ ಆಪರೇಷನ್ ಎಂದರೆ ಕೊಡಗಿನವರು ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ದಾರಿ ಹಿಡಿಯುವುದು ನಿಂತಿಲ್ಲ. ಆಪರೇಷನ್ ಅಲ್ಲಿ, ಚೇತರಿಕೆ ಇಲ್ಲಿ. ಎರಡರ ನಡುವಿನ ಕೊಂಡಿ ಎಂದರೆ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲು: ಬೆಲ್ಟ್ ಹಾಕಿ, ಭಾರ ಎತ್ತಬೇಡಿ, ಫಿಸಿಯೋಥೆರಪಿ ಮಾಡಿಸಿ, ಆರು ವಾರ ಬಿಟ್ಟು ಬನ್ನಿ. ಆ ಸಾಲು ಸಮತಟ್ಟಾದ ರಸ್ತೆ, ಕುರ್ಚಿಯ ಕೆಲಸ, ಹತ್ತು ನಿಮಿಷಕ್ಕೆ ಸಿಗುವ ಕ್ಲಿನಿಕ್ ಇದ್ದವರಿಗೆ ಸಾಕು. ಗೇಟಿನಿಂದ ಮನೆಗೆ ಏರು, ಮನೆಯಿಂದ ತೋಟಕ್ಕೆ ಇಳಿಜಾರು, ಜೂನ್ ಬಂತೆಂದರೆ ಜಾರುವ ನೆಲ ಇರುವವರಿಗೆ ಸಾಲದು.

ಖರ್ಚಿನ ಲೆಕ್ಕದಲ್ಲೂ ಇದೇ ಬಿರುಕಿದೆ. ಆಯುಷ್ಮಾನ್ ಯೋಜನೆಯ ಪ್ಯಾಕೇಜು ಆಪರೇಷನ್ನಿನ ಜೊತೆ ಡಿಸ್ಚಾರ್ಜ್ ಆದ ಮೇಲಿನ 15 ದಿನಗಳ ಆರೈಕೆಯನ್ನು ಒಳಗೊಳ್ಳುತ್ತದೆ. ಬೆನ್ನಿನ ಸ್ನಾಯುವನ್ನು ಮತ್ತೆ ಕಟ್ಟುವ ವ್ಯಾಯಾಮ ನಿಜವಾಗಿ ಶುರುವಾಗುವುದು ನಾಲ್ಕರಿಂದ ಆರನೇ ವಾರದ ಹೊತ್ತಿಗೆ. ಅಂದರೆ ದುಡ್ಡಿನ ನೆರವು ಮುಗಿದ ಮೇಲೆ ಕೆಲಸ ಶುರು. ಆ ಹೊತ್ತಿಗೆ ಕಾಲಿನ ನೋವು ಹೋಗಿರುತ್ತದೆ, ಮನೆಯವರ ಆತಂಕ ತಣಿದಿರುತ್ತದೆ, 'ಈಗ ಆರಾಮ' ಎಂದು ಮನುಷ್ಯ ತೋಟಕ್ಕೆ ಇಳಿದಿರುತ್ತಾನೆ. ಬೆನ್ನು ಕೆಡುವ ಸಾಧ್ಯತೆ ಆಪರೇಷನ್ ಆದ ವಾರಕ್ಕಿಂತ ಈ ಆರರಿಂದ ಹನ್ನೆರಡನೇ ವಾರದಲ್ಲೇ ಹೆಚ್ಚು ಕಾಡಬೇಕಾದ ಚಿಂತೆ.

ಕತ್ತರಿ ಏನು ಮಾಡಿತು, ಏನು ಮಾಡಲಿಲ್ಲ

'ಬೆನ್ನಿನ ಆಪರೇಷನ್' ಎಂಬ ಒಂದೇ ಹೆಸರಿನಡಿ ಮೂರು ಬೇರೆ ಕೆಲಸಗಳಿವೆ. ಹೊರಚಾಚಿ ನರವನ್ನು ಒತ್ತುತ್ತಿದ್ದ, ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್‌ನ ತುಂಡನ್ನಷ್ಟೇ ತೆಗೆಯುವುದು ಡಿಸೆಕ್ಟಮಿ. ಇಕ್ಕಟ್ಟಾದ ನರದ ದಾರಿಯನ್ನು ಮೂಳೆ ಕೆತ್ತಿ ಅಗಲ ಮಾಡುವುದು ಲ್ಯಾಮಿನೆಕ್ಟಮಿ. ಎರಡು ಅಥವಾ ಹೆಚ್ಚು ಮಣಿಗಳನ್ನು ಸ್ಕ್ರೂ, ರಾಡ್ ಹಾಕಿ ಒಂದಾಗಿ ಬೆಸೆಯುವುದು ಫ್ಯೂಷನ್. ಚೇತರಿಕೆಯ ಗಡಿಯಾರ ಮೂರಕ್ಕೂ ಬೇರೆ. ಪಕ್ಕದ ಮನೆಯವರು ಡಿಸೆಕ್ಟಮಿ ಮಾಡಿಸಿಕೊಂಡು ತಿಂಗಳಲ್ಲಿ ಜೀಪು ಓಡಿಸಿದರೆಂದು ಫ್ಯೂಷನ್ ಆದವರು ಹೊರಡುವಂತಿಲ್ಲ. ಸ್ಕ್ರೂ ಮೂಳೆಯನ್ನು ಹಿಡಿದಿಡುತ್ತದೆಯೇ ಹೊರತು ಬೆಸೆಯುವುದಿಲ್ಲ. ಬೆಸುಗೆ ಮೂಳೆಯೇ ಬೆಳೆದು ಆಗಬೇಕು, ಅದಕ್ಕೆ ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷ. ಬೀಡಿ, ಸಿಗರೇಟು ಬಿಡದವರಲ್ಲಿ ಬೆಸುಗೆ ಕೂಡದೇ ಉಳಿಯುವ ಅಪಾಯ ಜಾಸ್ತಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಬೆಳೆಯುವ ಮೂಳೆಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ.

ಮೂರರಲ್ಲೂ ಸಮಾನವಾದ ಒಂದು ನಷ್ಟವಿದೆ. ಬೆನ್ನುಮೂಳೆಗೆ ಅಂಟಿಕೊಂಡಂತೆ ಮಣಿಯಿಂದ ಮಣಿಗೆ ಹಬ್ಬಿರುವ ಮಲ್ಟಿಫಿಡಸ್ ಎಂಬ ಸಣ್ಣ ಸ್ನಾಯು ಪ್ರತಿ ಮಣಿಯನ್ನೂ ಅಲ್ಲಾಡದಂತೆ ಹಿಡಿಯುವ ಕೆಲಸದ್ದು. ನೋವಿದ್ದ ತಿಂಗಳುಗಳಲ್ಲಿ ಅದು ಸೊರಗಿರುತ್ತದೆ. ಆಪರೇಷನ್ನಿನಲ್ಲಿ ದಾರಿ ಮಾಡಿಕೊಳ್ಳಲು ಅದನ್ನೇ ಪಕ್ಕಕ್ಕೆ ಸರಿಸುತ್ತಾರೆ. ನೋವು ನಿಂತ ಮಾತ್ರಕ್ಕೆ ಅದು ತಾನಾಗಿ ಚೇತರಿಸಿಕೊಳ್ಳುವುದಿಲ್ಲ, ಹಾಗೇ ಬಿಟ್ಟರೆ ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ವ್ಯಾಯಾಮದ ಗುರಿ ಮುಖ್ಯವಾಗಿ ಈ ಸ್ನಾಯು.

ನರದ್ದು ಇನ್ನೊಂದು ಲೆಕ್ಕ. ಕಾಲಿಗೆ ಇಳಿಯುತ್ತಿದ್ದ ನೋವು ಮೊದಲು ಹೋಗುತ್ತದೆ, ಶಕ್ತಿ ಆಮೇಲೆ ಬರುತ್ತದೆ, ಜೋಮು ಎಲ್ಲಕ್ಕಿಂತ ಕೊನೆಗೆ. ಹಾನಿಗೊಂಡ ನರ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ಸೊಂಟದಿಂದ ಪಾದದ ದೂರ ಎಷ್ಟೆಂದು ನೋಡಿದರೆ ಹೆಬ್ಬೆರಳಿನ ಜೋಮು ಆರು ತಿಂಗಳಾದರೂ ಉಳಿದಿರುವುದೇಕೆಂದು ತಿಳಿಯುತ್ತದೆ. ಅದರರ್ಥ ಆಪರೇಷನ್ ಕೆಟ್ಟಿತು ಎಂದಲ್ಲ. ಜೋಮು ಪೂರ್ತಿ ಹೋಗದೇ ಉಳಿಯುವವರೂ ಇದ್ದಾರೆ.

ನೆಟ್ಟಗೆ ನಿಲ್ಲುವುದೆಂದರೆ ಎದೆ ಸೆಟೆಸುವುದಲ್ಲ

ಸೇನೆಯಲ್ಲಿ ಇದ್ದು ಬಂದವರು ಮನೆಮನೆಗೂ ಇರುವ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ. ಆದರೆ 'ಎದೆ ಮುಂದೆ, ಹೊಟ್ಟೆ ಒಳಗೆ, ಮಂಡಿ ಬಿಗಿ' ಎಂಬ ಭಂಗಿ ಆಪರೇಷನ್ ಆದ ಬೆನ್ನಿಗೆ ಸಲ್ಲದು. ಸೊಂಟದ ಸ್ನಾಯುಗಳು ಸದಾ ಬಿಗಿದೇ ಇದ್ದು ಮಧ್ಯಾಹ್ನದೊಳಗೆ ದಣಿಯುತ್ತವೆ. ಬೇಕಾದದ್ದು ಮಂಡಿ ಸಡಿಲ, ಭಾರ ಎರಡೂ ಪಾದಗಳ ಮೇಲೆ ಸಮ, ಪಕ್ಕೆಲುಬಿನ ಗೂಡು ಸೊಂಟದ ಗೂಡಿನ ಮೇಲೆ ನೇರ.

ತಿಂಗಳುಗಟ್ಟಲೆ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಅನುಭವಿಸಿದವರು ನರದ ಮೇಲಿನ ಒತ್ತಡ ತಪ್ಪಿಸಲು ಒಂದು ಬದಿಗೆ ವಾಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಆಪರೇಷನ್ ನಂತರ ಕಾರಣ ಹೋದರೂ ವಾಲು ಕೆಲವು ವಾರ ಉಳಿಯುತ್ತದೆ, ಏಕೆಂದರೆ ಮೆದುಳು ಅದನ್ನೇ 'ನೇರ' ಎಂದು ತಿಳಿದಿರುತ್ತದೆ. ಕನ್ನಡಿಯ ಮುಂದೆ ನಿಂತು ಎರಡೂ ತೋಳು ಮತ್ತು ಸೊಂಟದ ನಡುವಿನ ಸಂದು ಸಮವಾಗಿದೆಯೇ ನೋಡಿ. ದಿನಕ್ಕೆ ನಾಲ್ಕೈದು ಬಾರಿ, ಒಂದೊಂದು ನಿಮಿಷ ಸಾಕು. ತಾನಾಗಿ ಸರಿಹೋಗುತ್ತಾ ಬರುವ ವಾಲು ತೊಂದರೆಯಲ್ಲ. ಹೋಗಿದ್ದ ವಾಲು ಕಾಲಿನ ನೋವಿನ ಜೊತೆ ಮತ್ತೆ ಬಂದರೆ ಡಿಸ್ಕ್ ಮತ್ತೆ ಹೊರಚಾಚಿರಬಹುದು. ಡಿಸೆಕ್ಟಮಿ ಆದವರಲ್ಲಿ ಶೇಕಡ 5ರಿಂದ 15ರಷ್ಟು ಮಂದಿಗೆ ಹೀಗಾಗುತ್ತದೆಂದು ವರದಿಗಳಿವೆ.

ಮುಂದಕ್ಕೆ ಬಾಗಿ ನಡೆಯುವವರ ತೊಂದರೆ ಹಲವು ಸಲ ಬೆನ್ನಿನಲ್ಲಿ ಇರುವುದೇ ಇಲ್ಲ. ಬಾಗಿ, ಮುದುಡಿ ಮಲಗಿ ತೊಡೆಯ ಮೇಲ್ಭಾಗದ ಮುಂದಿನ ಸ್ನಾಯು ಗಿಡ್ಡವಾಗಿರುತ್ತದೆ. ನೆಟ್ಟಗೆ ನಿಲ್ಲಲು ಹೋದರೆ ಅದು ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ನಾಲ್ಕನೇ ವಾರದ ನಂತರ, ವೈದ್ಯರು ಒಪ್ಪಿದ ಮೇಲೆ, ಮಂಚದ ಅಂಚಿಗೆ ಅಂಗಾತ ಮಲಗಿ ಒಂದು ಮಂಡಿಯನ್ನು ಎದೆಯ ಕಡೆ ಹಿಡಿದು ಇನ್ನೊಂದು ಕಾಲನ್ನು ಅಂಚಿನಿಂದ ಕೆಳಗೆ ಇಳಿಬಿಡಬೇಕು. 30 ಸೆಕೆಂಡ್, ಪ್ರತಿ ಕಾಲಿಗೂ ಮೂರು ಬಾರಿ. ಇಳಿಬಿಟ್ಟ ತೊಡೆಯ ಮುಂಭಾಗ ಎಳೆದಂತಾಗಬೇಕು. ಸೊಂಟದಲ್ಲಿ ಎಳೆತ ಬಂದರೆ ಹಿಡಿದ ಮಂಡಿ ಸಡಿಲಾಗಿದೆ ಎಂದರ್ಥ.

ಫ್ಯೂಷನ್ ಆದವರಿಗೆ ಇನ್ನೊಂದು ಮಾತು. ಸೊಂಟದ ಸಹಜ ಒಳಬಾಗಿನಲ್ಲಿ ಸುಮಾರು ಮೂರನೇ ಎರಡು ಪಾಲು ಕೆಳಗಿನ ಎರಡು ಮಟ್ಟದಲ್ಲಿದೆ (ಎಲ್ ಎಂದರೆ ಸೊಂಟದ ಮಣಿ, ಎಸ್ ಎಂದರೆ ಅದರ ಕೆಳಗಿನ ಮೂಳೆ): ಎಲ್‌4–ಎಲ್‌5 ಮತ್ತು ಎಲ್‌5–ಎಸ್‌1. ಆಪರೇಷನ್ನುಗಳೂ ಹೆಚ್ಚಾಗಿ ಅಲ್ಲೇ. ಆ ಮಣಿಗಳು ಚಪ್ಪಟೆಯಾಗಿ ಬೆಸೆದುಕೊಂಡರೆ ದೇಹ ಮುಂದಕ್ಕೆ ವಾಲುತ್ತದೆ. ಅದನ್ನು ಸರಿದೂಗಿಸಲು ಮಂಡಿ ಮಡಿಸಿ, ಪೃಷ್ಠವನ್ನು ಒಳಗೆ ಎಳೆದು ನಿಲ್ಲಬೇಕಾಗುತ್ತದೆ. ಇದನ್ನು 'ನೆಟ್ಟಗೆ ನಿಲ್ಲು' ಎಂದು ಗದರಿಸಿ ಸರಿಮಾಡಲಾಗದು. ಹತ್ತು ನಿಮಿಷ ನಿಂತರೆ ತೊಡೆ ಉರಿಯುತ್ತದೆ ಎನ್ನುವವರು ನಿಂತ ಭಂಗಿಯ, ಪೂರ್ತಿ ಬೆನ್ನಿನ ಎಕ್ಸ್‌ರೇ ಬಗ್ಗೆ ವೈದ್ಯರನ್ನು ಕೇಳಬೇಕು.

ಮನೆ ಸೇರುವುದು, ಮೊದಲ ಎರಡು ವಾರ

ಮೈಸೂರಿನಿಂದ ಮಡಿಕೇರಿಗೆ 120 ಕಿಲೋಮೀಟರ್ ಹತ್ತಿರ, ಜಿಲ್ಲೆಗೆ ರೈಲಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಅರೆ ಒರಗಿಸಿ, ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟು ಕೂರಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದಲ್ಲಿ ಇಳಿದು ಐದು ನಿಮಿಷ ನಡೆಯಿರಿ. ಇದು ಬೆನ್ನಿಗಷ್ಟೇ ಅಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೂ ಬೇಕು. ತೋಟದೊಳಗಿನ ಕೊನೆಯ ಒಂದು ಕಿಲೋಮೀಟರ್ ಕಲ್ಲಿನ ದಾರಿಯಾದರೆ ಜೀಪಿನ ಹಿಂದಿನ ಸೀಟು ಬೇಡವೇ ಬೇಡ, ನಿಧಾನವಾಗಿ ಹೋಗುವ ಕಾರೇ ಮೇಲು.

ಹಾಸಿಗೆಯಿಂದ ಎದ್ದು ಕೂರುವುದು ಮೊದಲು ಕಲಿಯಬೇಕಾದ ಕೆಲಸ. ಎರಡೂ ಮಂಡಿ ಮಡಿಸಿ, ಹೆಗಲು, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳುವಂತೆ ಮಗ್ಗುಲಾಗಿ, ಕಾಲನ್ನು ಅಂಚಿನಿಂದ ಇಳಿಬಿಡುತ್ತಲೇ ಮೊಣಕೈ ಮತ್ತು ಇನ್ನೊಂದು ಅಂಗೈ ಊರಿ ಏಳಬೇಕು. ತಪ್ಪಾಗುವುದು ಮನೆಯವರು ಪ್ರೀತಿಯಿಂದ ಎರಡೂ ಕೈ ಹಿಡಿದು ಎಳೆದಾಗ. ಆಗ ಬೆನ್ನು ಬಾಗಿ, ತಿರುಚುತ್ತದೆ. ಸಹಾಯ ಬೇಕಿದ್ದರೆ ಹೆಗಲ ಹಿಂದೆ ಕೈ ಕೊಡಿ. ನೆಲದ ಹಾಸಿಗೆ ಆರು ವಾರ ಬೇಡ, ಅದು ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂಬುದಕ್ಕಲ್ಲ, ಅಲ್ಲಿಂದ ಏಳುವುದೇ ಕಷ್ಟ ಎಂಬುದಕ್ಕೆ.

ಹೊಲಿಗೆ ತೆಗೆಯುವವರೆಗೆ, ಅಂದರೆ 10ರಿಂದ 14 ದಿನ, ಗಾಯ ಒಣಗಿರಬೇಕು. ಜುಲೈನ ಕೊಡಗಿನಲ್ಲಿ ಒಣಗಿರುವ ವಸ್ತು ಯಾವುದೂ ಇಲ್ಲ. ಒಣಗದ ಬನಿಯನ್ ಮೇಲೆ ಬೆಲ್ಟ್ ಬಿಗಿದರೆ ಡ್ರೆಸ್ಸಿಂಗ್ ಬೆವೆತು ಅಂಟು ಬಿಡುತ್ತದೆ. ಬನಿಯನ್ನನ್ನು ಒಲೆಯ ಬಿಸಿಗೋ ಇಸ್ತ್ರಿ ಪೆಟ್ಟಿಗೆಗೋ ಒಡ್ಡಿ ಒಣಗಿಸಿ, ದಿನಕ್ಕೆ ಎರಡು ಬಾರಿ ಬದಲಿಸಿ. ಸ್ನಾನಕ್ಕೆ ಬಕೆಟ್ಟನ್ನು ಸ್ಟೂಲಿನ ಮೇಲಿಡಿ. ತುಂಬಿದ ಬಕೆಟ್ ಎಂದರೆ 20 ಲೀಟರ್, ಅಂದರೆ 20 ಕಿಲೊ, ಅದನ್ನು ಎತ್ತುವವರು ಬೇರೆಯವರಾಗಲಿ. ಬಚ್ಚಲ ಒಲೆಗೆ ಸೌದೆ ತುರುಕುವುದು ಕುಕ್ಕರುಗಾಲಲ್ಲಿ ಬಾಗುವ ಕೆಲಸ, ಅದೂ ಬೇರೆಯವರದ್ದೇ.

ಕೆಮ್ಮು, ಸೀನು ಬಂದಾಗ ಹೊಟ್ಟೆ ಬಿಗಿದು ಒಂದು ಕೈಯನ್ನು ಮೇಜಿಗೆ ಊರಬೇಕು. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್‌ನಂಥವು ಮಲ ಕಟ್ಟಿಸುತ್ತವೆ. ತಿಣುಕುವುದು ಬೆನ್ನಿಗೆ ಒಳ್ಳೆಯದಲ್ಲ. ಕಮೋಡ್ ಇಲ್ಲದ ಮನೆಯಲ್ಲಿ ಆರು ವಾರಕ್ಕೆ ಕಮೋಡ್ ಕುರ್ಚಿ ತರಿಸುವುದು ಬೆಲ್ಟ್ ಕೊಳ್ಳುವುದಕ್ಕಿಂತ ಉಪಯೋಗದ ಖರ್ಚು.

ಬೆಲ್ಟ್ ವಿಷಯಕ್ಕೆ ಬಂದರೆ, ಸರ್ಜನ್ ಹೇಳಿದಷ್ಟು ದಿನ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಮಲಗಿರುವಾಗಲೇ ಕಟ್ಟಿಕೊಳ್ಳಬೇಕು. ಒಳಗೆ ಅಂಗೈ ತೂರುವಷ್ಟು ಸಡಿಲ ಇರಬೇಕು. ಕೂತಾಗ ಮೇಲಕ್ಕೆ ಸರಿದು ಪಕ್ಕೆಗೆ ಚುಚ್ಚಿದರೆ ಕಟ್ಟಿದ್ದು ಎತ್ತರದಲ್ಲಿ. ಬೆಲ್ಟ್ ಇದೆಯೆಂಬ ಧೈರ್ಯದಲ್ಲಿ ಭಾರ ಎತ್ತುವುದೇ ಬೆಲ್ಟ್‌ನ ದೊಡ್ಡ ಅಪಾಯ.

ನಡಿಗೆಗೆ ಕಣವೇ ಮೈದಾನ

ನಡಿಗೆ ಆಪರೇಷನ್ ಆದ ಮರುದಿನದಿಂದಲೇ ಶುರುವಾಗುವ ಔಷಧ. ಮನೆಗೆ ಬಂದ ಮೇಲೆ ಒಂದು ಸಲಕ್ಕೆ 5ರಿಂದ 10 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಕೂಡಿಸಿ, ಆರನೇ ವಾರಕ್ಕೆ ಒಂದೇ ಬಾರಿಗೆ 30 ನಿಮಿಷ ಮುಟ್ಟುವುದು ಗುರಿ. ಮರುದಿನ ಬೆಳಗ್ಗೆಯೂ ನೋವು ಜಾಸ್ತಿಯೇ ಇದ್ದರೆ ಹಿಂದಿನ ದಿನದ ಅಳತೆಗೆ ಇಳಿಯಿರಿ. ಸಂಜೆ ಸ್ವಲ್ಪ ನೋವು ಬಂದು ಬೆಳಗ್ಗೆ ಹೋದರೆ ಮುಂದುವರಿಸಿ.

ಎಲ್ಲಿ ನಡೆಯುವುದು ಎಂಬುದೇ ಇಲ್ಲಿನ ಪ್ರಶ್ನೆ. ಏರು ಹತ್ತುವಾಗ ಮುಂಡ ಮುಂದಕ್ಕೆ ಬಾಗುತ್ತದೆ, ಇಳಿಯುವಾಗ ಸೊಂಟ ಹಿಂದಕ್ಕೆ ಬಾಗಿ ಪ್ರತಿ ಹೆಜ್ಜೆಯೂ ತಡೆಯಾಗುತ್ತದೆ. ಡಿಸೆಕ್ಟಮಿ ಆದವರಿಗೆ ಏರು ಕಿರಿಕಿರಿ, ನರದ ಇಕ್ಕಟ್ಟಿಗೆ ಆಪರೇಷನ್ ಆದವರಿಗೆ ಇಳಿಜಾರು ಕಿರಿಕಿರಿ. ಕಾಲಿನ ಪಾದ ಎತ್ತುವ ಶಕ್ತಿ ಇನ್ನೂ ಬಂದಿಲ್ಲದವರು ಇಳಿಜಾರಿನಲ್ಲಿ ಬೇರಿಗೆ ಎಡವುತ್ತಾರೆ. ಆದ್ದರಿಂದ ಮೊದಲ ನಾಲ್ಕು ವಾರ ಕಾಫಿ ಒಣಗಿಸುವ ಕಣದಲ್ಲೇ ನಡೆಯಿರಿ: ಸಿಮೆಂಟಿನ ನೆಲ, ಸಮತಟ್ಟು, ಮನೆಯ ಕಣ್ಣಳತೆಯಲ್ಲಿ. ಮಳೆಗಾಲದಲ್ಲಿ ಮಾತ್ರ ಅದೇ ಕಣ ಪಾಚಿ ಕಟ್ಟಿ ಗಾಜಿನಂತೆ ಜಾರುತ್ತದೆ. ಆಗ ಜಗಲಿ. ಹತ್ತು ಮೀಟರ್ ಉದ್ದದ ಜಗಲಿಯಲ್ಲಿ 30 ಸಲ ಹೋದರೆ 300 ಮೀಟರ್. ತಿರುಗುವಾಗ ಪಾದ ನೆಟ್ಟು ಸೊಂಟ ತಿರುಚದೆ ಸಣ್ಣ ಹೆಜ್ಜೆ ಹಾಕಿ ತಿರುಗಿ. ಐದನೇ ವಾರದಿಂದ ಸಣ್ಣ ಏರು ಸೇರಿಸಬಹುದು, ಊರುಗೋಲಿನ ಜೊತೆ. ಗಂಬೂಟು ಬೇಡ: ಭಾರ ಹೆಚ್ಚು, ಎಳೆದು ಬಿಚ್ಚಲು ಬಾಗಬೇಕು. ಜಿಗಣೆ ಕಚ್ಚಿತೆಂದು ಥಟ್ಟನೆ ಬಗ್ಗುವುದೂ ಇಲ್ಲಿ ನಿಜವಾದ ಅಪಾಯವೇ. ಕಾಲನ್ನು ಮೆಟ್ಟಿಲಿನ ಮೇಲಿಟ್ಟು ತೆಗೆಯಿರಿ.

ಆರನೇ ವಾರದ ನಂತರದ ಕೆಲಸ

ಮೊದಲ ಬಾರಿ ಡಿಸ್ಕ್ ಆಪರೇಷನ್ ಆದವರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ ವಿಮರ್ಶೆ ಹೇಳುವುದಿಷ್ಟು: ನಾಲ್ಕರಿಂದ ಆರನೇ ವಾರದಲ್ಲಿ ವ್ಯಾಯಾಮ ಶುರುಮಾಡಿದವರು, ಏನೂ ಮಾಡದವರಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ. ವ್ಯಾಯಾಮದಿಂದ ಮರು ಆಪರೇಷನ್ ಹೆಚ್ಚಿದ್ದಕ್ಕೆ ಪುರಾವೆಯಿಲ್ಲ. ಕ್ಲಿನಿಕ್ಕಿನಲ್ಲಿ ಮಾಡಿದ್ದಕ್ಕೂ ಮನೆಯಲ್ಲಿ ಮಾಡಿದ್ದಕ್ಕೂ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ಪುರಾವೆಯ ಗುಣಮಟ್ಟ ಅಷ್ಟೇನೂ ಗಟ್ಟಿಯಲ್ಲ, ಆದರೂ ನಾಪೋಕ್ಲಿನಿಂದಲೋ ಶ್ರೀಮಂಗಲದಿಂದಲೋ ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಕರೆಂಟು ಶಾಖ ತೆಗೆದುಕೊಳ್ಳಲು ಹೋಗುವುದು ಅನಿವಾರ್ಯವಲ್ಲ ಎನ್ನಲು ಅದು ಸಾಕು. ಎರಡು ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಸರಿಯಾಗಿದೆಯೇ ಎಂದು ತೋರಿಸಿ, ಮುಂದಿನ ಹಂತ ಕಲಿತು ಬಂದರೆ ಅದೇ ಹೆಚ್ಚಿನ ಲಾಭ.

ಮೂರನೇ ವಾರದಿಂದ ಸರಳವಾದವು: ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ಹಾಸಿಗೆಗೆ ಮೆಲ್ಲನೆ ಒತ್ತಿ 5 ಸೆಕೆಂಡ್ ಹಿಡಿಯುವುದು, ಹತ್ತು ಬಾರಿ. ಹಿಮ್ಮಡಿಯನ್ನು ಒಂದೊಂದಾಗಿ ಜಾರಿಸುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಐದರಿಂದ ಹತ್ತು ಬಾರಿ. ಆರನೇ ವಾರದಿಂದ ಪೃಷ್ಠ ಎತ್ತುವ ಸೇತುವೆ, 5 ಸೆಕೆಂಡಿನಂತೆ ಹತ್ತು. ಫ್ಯೂಷನ್ ಆದವರು ಈ ಎರಡನೇ ಹಂತವನ್ನು ಎಕ್ಸ್‌ರೇ ನೋಡಿ ಸರ್ಜನ್ ಒಪ್ಪಿದ ಮೇಲಷ್ಟೇ ಶುರುಮಾಡಬೇಕು, ಸಾಮಾನ್ಯವಾಗಿ ಹನ್ನೆರಡನೇ ವಾರದ ಹೊತ್ತಿಗೆ.

ಮಲ್ಟಿಫಿಡಸ್‌ಗೆ ಹೇಳಿ ಮಾಡಿಸಿದ್ದು ನಾಲ್ಕು ಕಾಲಿನ ಭಂಗಿ. ಅಂಗೈ ಹೆಗಲ ಕೆಳಗೆ, ಮಂಡಿ ಸೊಂಟದ ಕೆಳಗೆ. ಎಡಗೈ ಮುಂದಕ್ಕೆ, ಬಲಗಾಲು ಹಿಂದಕ್ಕೆ ಚಾಚಿ 5ರಿಂದ 10 ಸೆಕೆಂಡ್, ಆಮೇಲೆ ಬದಲಿಸಿ. ಪ್ರತಿ ಬದಿಗೂ ಆರು ಬಾರಿ. ಎಲ್ಲರೂ ಮಾಡುವ ತಪ್ಪು ಕಾಲನ್ನು ತೀರಾ ಎತ್ತರಕ್ಕೆ ಒಯ್ಯುವುದು. ಆಗ ಸೊಂಟ ಬಳುಕಿ ಕೆಲಸವೆಲ್ಲ ತಪ್ಪು ಸ್ನಾಯುವಿಗೆ ಹೋಗುತ್ತದೆ. ಸೊಂಟಕ್ಕೆ ಅಡ್ಡಲಾಗಿ ಒಂದು ಕೋಲು ಇಡಿ. ಅದು ಉರುಳಿದರೆ ಕಾಲು ಇಳಿಸಿ, ಕೈ ಬೇಡ, ಕಾಲೊಂದನ್ನೇ ಚಾಚಿ.

ಅದೇ ಕೋಲಿನಿಂದ ಬಾಗುವುದನ್ನು ಮತ್ತೆ ಕಲಿಯಬೇಕು. ನಾಲ್ಕು ಅಡಿಯ ನೇರ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ: ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ತಲೆಯ ಹಿಂಭಾಗ, ಹೆಗಲೆಲುಬುಗಳ ನಡುವೆ, ಬಾಲಮೂಳೆ ಮೂರನ್ನೂ ತಾಗಿರಬೇಕು. ಗೋಡೆಗೆ ಬೆನ್ನು ಮಾಡಿ ಅರ್ಧ ಅಡಿ ದೂರ ನಿಂತು, ಮಂಡಿ ಸ್ವಲ್ಪ ಸಡಿಲಿಸಿ, ಪೃಷ್ಠದಿಂದ ಗೋಡೆ ಮುಟ್ಟಲು ಹೋಗಿ. ಬಾಲಮೂಳೆ ಕೋಲು ಬಿಟ್ಟರೆ ಸೊಂಟ ಬಾಗಿತು. ಮಂಡಿ ಪಾದ ದಾಟಿ ಮುಂದೆ ಹೋದರೆ ಅದು ಬಸ್ಕಿ, ಬಾಗುವುದಲ್ಲ. ಹತ್ತು ಬಾರಿ, ದಿನಕ್ಕೆ ಎರಡು ಸಲ. ಚಪ್ಪಟೆಯಾಗಿ ಬೆಸೆದ ಬೆನ್ನಿಗೆ ಮೂರೂ ಬಿಂದು ಸೇರದಿರಬಹುದು, ಬಲವಂತ ಬೇಡ.

ಇಷ್ಟು ಪಾಡು ಏಕೆಂದರೆ, 1999ರಲ್ಲಿ ಜರ್ಮನಿಯ ಸಂಶೋಧಕರು 70 ಕಿಲೊ ತೂಕದ ಒಬ್ಬ ಸ್ವಯಂಸೇವಕರ ಎಲ್‌4–ಎಲ್‌5 ಡಿಸ್ಕ್‌ನೊಳಗೆ ಒತ್ತಡ ಅಳೆಯುವ ಸಾಧನ ಇಟ್ಟು ನೋಡಿದರು. ನಿಂತಾಗ 0.5 ಮೆಗಾಪಾಸ್ಕಲ್ (ಒತ್ತಡದ ಅಳತೆ). 20 ಕಿಲೊವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಮಂಡಿ ಮಡಿಸಿ ಎತ್ತಿದಾಗ 1.7, ಅದೇ ಭಾರವನ್ನು ಎದೆಗೆ ಒತ್ತಿ ಹಿಡಿದಾಗ 1.1. ಒಬ್ಬರದ್ದೇ ಅಳತೆಯಾದ್ದರಿಂದ ಅಂಕಿಗೆ ಜೋತುಬೀಳಬೇಕಿಲ್ಲ, ಆದರೆ ಒಂದು ವಿಷಯ ಗಮನಿಸಿ: ಮಂಡಿ ಮಡಿಸುವುದಕ್ಕಿಂತ ಭಾರವನ್ನು ಮೈಗೆ ಹತ್ತಿರ ತರುವುದರ ಲಾಭವೂ ಕಡಿಮೆಯಿಲ್ಲ. ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. 'ಕೂರಲೇ ಬೇಡಿ' ಎಂಬ ಹಳೆಯ ಕಟ್ಟಪ್ಪಣೆಯ ಬದಲು ಅರ್ಧ ಗಂಟೆಗೊಮ್ಮೆ ಏಳಿ ಎಂದರೆ ಸಾಕು. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕೂರುವುದು ಬೇರೆ ಮಾತು, ಅಲ್ಲಿ ಸೊಂಟ ಪೂರ್ತಿ ಬಾಗುತ್ತದೆ.

ತೂಕ, ಕುಯ್ಲು, ಕ್ಯಾಲೆಂಡರ್

ಮೊದಲ ಆರು ವಾರ ಎತ್ತುವ ಭಾರ ಎರಡು-ಮೂರು ಕಿಲೊ, ಹೆಚ್ಚೆಂದರೆ ನಾಲ್ಕು. ಇದನ್ನು ಮನೆಯ ವಸ್ತುಗಳಲ್ಲಿ ಅಳೆಯಿರಿ. ತುಂಬಿದ ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸ್ 14.2 ಕಿಲೊ, ಕಬ್ಬಿಣ ಸೇರಿ 30ರ ಹತ್ತಿರ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ 16 ಲೀಟರಿನ ಬೆನ್ನಿನ ಕ್ಯಾನು ತುಂಬಿದರೆ 20 ಕಿಲೊ. ಕಾಫಿ ಮೂಟೆ 50. ಡಿಸೆಕ್ಟಮಿ ಆದವರು ಕೂತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ಮರಳಬಹುದು, ಮೈಮುರಿಯುವ ಕೆಲಸಕ್ಕೆ ಹನ್ನೆರಡು ವಾರ ಬೇಕು. ಫ್ಯೂಷನ್‌ಗೆ ಆರು ತಿಂಗಳು. ಮೂಟೆ ಹೊರುವುದೇ ಕೆಲಸವಾಗಿದ್ದವರು ಫ್ಯೂಷನ್ ನಂತರ ಆ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು. ಬೆಸೆದ ಮಣಿಯ ಮೇಲಿನ ಮಟ್ಟಕ್ಕೆ ಹೊರೆ ಹೆಚ್ಚುತ್ತದೆ. ಇದನ್ನು ದಿನಗೂಲಿಯವರಿಗೆ ಹೇಳುವುದು ಸುಲಭ, ಪಾಲಿಸುವುದು ಮಾಲೀಕರ ಮನಸ್ಸಿಗೂ ಬಿಟ್ಟದ್ದು. ತೂಕ ಬರೆದುಕೊಳ್ಳುವ, ಕಣ ನೋಡಿಕೊಳ್ಳುವ ಕೆಲಸ ಮೂರು ತಿಂಗಳು ಕೊಡಲಾಗದ ತೋಟವಿಲ್ಲ.

ಕುಯ್ಲಿಗೆ ಮರಳುವುದೂ ಹಂತಹಂತವಾಗಿ. ಸೊಂಟದಿಂದ ಎದೆ ಮಟ್ಟದ ರೊಬಸ್ಟಾ ಕಾಫಿಯ ಕೊಂಬೆ ಮೊದಲು, ಬುಡದ ಕೊಂಬೆ ಆಮೇಲೆ, ನೆಲಕ್ಕೆ ಉದುರಿದ ಕಾಯಿ ಹೆಕ್ಕುವುದು ಎಲ್ಲಕ್ಕಿಂತ ಕೊನೆ. ಸೊಂಟಕ್ಕೆ ಕಟ್ಟಿದ ಚೀಲ ಐದು ಕಿಲೊ ಆಗುತ್ತಲೇ ಸುರಿದು ಬನ್ನಿ. ಕರಿಮೆಣಸಿನ ಏಣಿ ಈ ವರ್ಷ ಬೇರೆಯವರು ಹತ್ತಲಿ. ಹಾಕಿ ಆಡುವವರೂ ತಿಳಿದಿರಲಿ, ಬಾಗಿ ತಿರುಚುವ ಆಟ ಅದು. 1997ರಿಂದ ನಡೆದು ಬಂದ ಕೊಡವ ಕೌಟುಂಬಿಕ ಹಾಕಿಯ ಬೇಸಿಗೆ ಪಂದ್ಯಕ್ಕೆ ಡಿಸೆಂಬರ್ ಕೊನೆಯಲ್ಲಿ ಆಪರೇಷನ್ ಆದವರು ಗ್ಯಾಲರಿಯಲ್ಲೇ ಕೂರಬೇಕು.

ಆಪರೇಷನ್ ತುರ್ತಲ್ಲ, ದಿನ ನೀವೇ ಆರಿಸಿ ಎಂದು ವೈದ್ಯರು ಹೇಳಿದರೆ ಕುಯ್ಲಿನ ಲೆಕ್ಕ ಹಾಕಿ. ಅಕ್ಟೋಬರ್ ಮಧ್ಯದಲ್ಲಿ ಮಾಡಿಸಿದರೆ ಆರರಿಂದ ಹನ್ನೆರಡನೇ ವಾರ ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರ: ನೇರ ಅರೇಬಿಕಾ ಕುಯ್ಲಿನ ಮೇಲೆ, ಪುತ್ತರಿ ಹಬ್ಬದ ಓಡಾಟವೂ ಅದೇ ಹೊತ್ತಿಗೆ. ಜೂನ್‌ನಲ್ಲಾದರೆ ಗಾಯಕ್ಕೂ ನಡಿಗೆಗೂ ಮಳೆಯ ಕಾಟ. ರೊಬಸ್ಟಾ ಮುಗಿದು, ಸ್ಪ್ರಿಂಕ್ಲರ್ ಪೈಪು ಒಳಗಿಟ್ಟ ಮೇಲೆ ಏಪ್ರಿಲ್ ಆರಂಭದಲ್ಲಾದರೆ ನಡಿಗೆಯ ವಾರಗಳು ಹೆಚ್ಚೂಕಡಿಮೆ ಒಣಗಿರುತ್ತವೆ, ಹನ್ನೆರಡು ವಾರ ಮಳೆ ಹಿಡಿಯುವಾಗ ಮುಗಿಯುತ್ತದೆ, ಫ್ಯೂಷನ್ನಿನ ಆರು ತಿಂಗಳೂ ಅಕ್ಟೋಬರಿಗೆ ತುಂಬುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕ್ಯಾಲೆಂಡರೂ ಇಲ್ಲ, ಬೆಳಗಾಗುವವರೆಗೆ ಕಾಯುವುದೂ ಇಲ್ಲ. ಮೂತ್ರ ಕಟ್ಟುವುದು ಅಥವಾ ತಿಳಿಯದೇ ಹೋಗುವುದು, ಮಲದ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗದ ಸುತ್ತ ಸ್ಪರ್ಶ ಹೋಗುವುದು, ಪಾದ ಇದ್ದಕ್ಕಿದ್ದಂತೆ ಸೋಲುವುದು, ಒಂದು ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ ಹೊರಡಿ. ಗಾಯದಿಂದ ನೀರು ಅಥವಾ ಕೀವು ಸೋರಿದರೆ, 101 ಡಿಗ್ರಿ ದಾಟಿ ಜ್ವರ ಬಂದರೆ, ಎದ್ದು ಕೂತಾಗ ಜಾಸ್ತಿಯಾಗಿ ಮಲಗಿದಾಗ ಇಳಿಯುವ ತಲೆನೋವಿದ್ದರೆ ಅದೇ ದಿನ ಸರ್ಜನ್‌ಗೆ ತಿಳಿಸಿ. ಡಿಸ್ಚಾರ್ಜ್ ಸಮ್ಮರಿ, ಎಂ.ಆರ್.ಐ. ವರದಿ, ಸ್ಕ್ರೂ ಹಾಕಿದ್ದರೆ ಅದರ ಸ್ಟಿಕ್ಕರ್ ಇರುವ ಚೀಟಿ ಒಂದೇ ಕವರಿನಲ್ಲಿ ಬಾಗಿಲ ಹತ್ತಿರ ಇರಲಿ, ಫೋಟೊ ಮನೆಯ ಇಬ್ಬರ ಫೋನಿನಲ್ಲಿರಲಿ. ನೆಟ್‌ವರ್ಕ್ ಸಿಗದ ತೋಟವಾದರೆ ಸಿಗ್ನಲ್ ಬರುವ ಜಾಗಕ್ಕೆ ಓಡುವವರು ಯಾರು ಎಂಬುದನ್ನೂ ಡಿಸ್ಚಾರ್ಜ್ ಆದ ದಿನವೇ ಗೊತ್ತು ಮಾಡಿಕೊಳ್ಳಿ.